ಬಸ್ಸಿನ ಹಿಂದೆ ಒಂದು ತರಗತಿ ಇತ್ತು

(ಧಾರವಾಡದಲ್ಲಿ ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಯೊಂದಕ್ಕೆ ಕೊಟ್ಟ ಉತ್ತರವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ರೋಸಾ ಪಾರ್ಕ್ಸ್ ಕಥೆ ನಿಮಗೆಲ್ಲ ಗೊತ್ತು. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ಪಟ್ಟಣ. 1955ರ ಡಿಸೆಂಬರ್ 1. ಅಂಗಡಿಯೊಂದರಲ್ಲಿ ಹೊಲಿಗೆ ಕೆಲಸ ಮಾಡುವ ಕಪ್ಪು ಹೆಣ್ಣುಮಗಳು ಸಂಜೆ ಬಸ್ ಹತ್ತುತ್ತಾರೆ. ಬಿಳಿಯರೊಬ್ಬರಿಗೆ ಸೀಟು ಬಿಟ್ಟುಕೊಡು ಅಂತ ಡ್ರೈವರ್ ಗದರುತ್ತಾನೆ. ಪಾಪ, ದುಡಿದು ದಣಿದಿದ್ದ ಆಕೆ ಏಳುವುದಿಲ್ಲ. ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ. ಊರಿನ ಕಪ್ಪು ಜನ 381 ದಿನ ಬಸ್ ಹತ್ತುವುದಿಲ್ಲ. 26 ವರ್ಷದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಮುಂದೆ ನಿಲ್ಲುತ್ತಾರೆ. ಕಾನೂನು ಬದಲಾಗುತ್ತದೆ.

ಹತ್ತು ಹನ್ನೆರಡು ವರ್ಷ ನಾನೂ ಹೀಗೇ ಪಾಠ ಮಾಡಿದೆ. ಮಕ್ಕಳು ಕಣ್ಣರಳಿಸಿ ಕೇಳುತ್ತಿದ್ದರು. ನೋಟ್ಸಿನಲ್ಲಿ 'ಧೈರ್ಯ' ಅಂತ ಬರೆದು ಅಡಿಗೆರೆ ಎಳೆಯುತ್ತಿದ್ದರು. ಗಂಟೆ ಹೊಡೆಯುತ್ತಿತ್ತು, ಮುಂದಿನ ಪಾಠ.

ಹೀಗೆ ಹೇಳಿದ ಕಥೆಯಲ್ಲಿ ಒಂದು ದೊಡ್ಡ ತೊಂದರೆ ಇದೆ. ಕೇಳಿದ ಮಗುವಿಗೆ ಮಾಡಲು ಏನೂ ಉಳಿಯುವುದಿಲ್ಲ. ಯಾವುದೋ ಸಂಜೆ ಯಾರಿಗೋ ಇದ್ದಕ್ಕಿದ್ದಂತೆ ಧೈರ್ಯ ಬಂತು, ಲೋಕ ಬದಲಾಯಿತು. ನಮಗೂ ಒಂದು ದಿನ ಧೈರ್ಯ ಬಂದರೆ ನೋಡೋಣ. ಅಷ್ಟೇ ಅಲ್ವಾ?

ಅದೂ ಅಲ್ಲದೆ, ನಡೆದದ್ದು ಹಾಗಲ್ಲ. ಮೈ ದಣಿದಿತ್ತು ಅನ್ನುವ ಮಾತನ್ನು ಪಾರ್ಕ್ಸ್ ಅವರೇ ಅಲ್ಲಗಳೆದಿದ್ದಾರೆ. ಬಗ್ಗಿ ಬಗ್ಗಿ ಸಾಕಾಗಿತ್ತು ಅನ್ನುವುದು ಅವರ ಮಾತಿನ ಅರ್ಥ. ಆಗ ಅವರಿಗೆ 42 ವರ್ಷ. ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಎನ್‌ಎಎಸಿಪಿ ಸಂಘದ ಊರಿನ ಶಾಖೆಗೆ 1943ರಲ್ಲೇ ಕಾರ್ಯದರ್ಶಿ ಆಗಿದ್ದವರು. ಬಸ್ಸಿನ ಘಟನೆಗೆ ನಾಲ್ಕು ತಿಂಗಳ ಮೊದಲು, ಅದೇ ವರ್ಷದ ಬೇಸಿಗೆಯಲ್ಲಿ, ಟೆನೆಸೀ ರಾಜ್ಯದ ಗುಡ್ಡದ ಮೇಲಿದ್ದ ಹೈಲ್ಯಾಂಡರ್ ಫೋಕ್ ಸ್ಕೂಲ್ ಎಂಬ ಶಾಲೆಯಲ್ಲಿ ಎರಡು ವಾರ ಕಳೆದು ಬಂದಿದ್ದರು. ಅಲ್ಲಿ ಕಪ್ಪು ಜನ, ಬಿಳಿ ಜನ ಒಂದೇ ಮೇಜಿಗೆ ಕೂತು ಉಣ್ಣುತ್ತಿದ್ದರು, ಒಂದೇ ಕೋಣೆಯಲ್ಲಿ ಕೂತು ಚರ್ಚೆ ಮಾಡುತ್ತಿದ್ದರು. ಅಲ್ಲಿ ಪಾಠ ನಡೆಸಿದವರಲ್ಲಿ ಒಬ್ಬರು ಸೆಪ್ಟಿಮಾ ಕ್ಲಾರ್ಕ್.

ಪಾರ್ಕ್ಸ್ ಅಲ್ಲಿ ತುಂಬಾ ಮೆತ್ತಗೆ, ನಾಚಿಕೊಂಡು ಇದ್ದರಂತೆ. ಕೊನೆಯ ದಿನ ಎಲ್ಲರಿಗೂ ಒಂದು ಪ್ರಶ್ನೆ: ಊರಿಗೆ ಹೋಗಿ ಏನು ಮಾಡುತ್ತೀರಿ? ನಮ್ಮೂರಿನ ಜನ ಒಟ್ಟಾಗಿ ನಿಲ್ಲುವುದಿಲ್ಲ, ನಾನು ಚಿಕ್ಕ ವಯಸ್ಸಿನವರ ಜೊತೆ ಕೆಲಸ ಮಾಡುತ್ತೇನೆ ಅಂದಿದ್ದರು ಪಾರ್ಕ್ಸ್. ಇದನ್ನು ಓದಿದ ದಿನ ನಾನು ತುಂಬಾ ಹೊತ್ತು ಸುಮ್ನೆ ಕೂತಿದ್ದೆ. 381 ದಿನ ಒಟ್ಟಾಗಿ ನಿಂತ ಊರಿನ ಬಗ್ಗೆ, ಅದೇ ಊರಿನ ಹೆಣ್ಣುಮಗಳು, ನಾಲ್ಕು ತಿಂಗಳ ಮೊದಲು ಆಡಿದ ಮಾತು ಇದು!

ಬಸ್ ಕಥೆಯ ಸುತ್ತ ಇನ್ನೂ ಸ್ವಲ್ಪ ಕೆದಕಿ ನೋಡಿ. ಆ ರಾತ್ರಿ ಬಸ್ ಬಿಡಿ ಅಂತ ಕರಪತ್ರ ಬರೆದವರು ಜೋ ಆ್ಯನ್ ರಾಬಿನ್ಸನ್. ಇಂಗ್ಲಿಷ್ ಹೇಳಿಕೊಡುವ ಕಾಲೇಜು ಮೇಡಂ. ತಮ್ಮ ವಿದ್ಯಾರ್ಥಿಗಳಿಬ್ಬರನ್ನು ಜೊತೆಗೆ ಕೂರಿಸಿಕೊಂಡು ಕಾಲೇಜಿನ ಯಂತ್ರದಲ್ಲೇ ರಾತ್ರಿಯೆಲ್ಲಾ ಸಾವಿರಾರು ಪ್ರತಿ ತೆಗೆದರು. ಪಾರ್ಕ್ಸ್‌ಗೂ ಒಂಬತ್ತು ತಿಂಗಳ ಮೊದಲು, ಮಾರ್ಚ್ 2ರಂದು, ಅದೇ ಊರಿನ ಬಸ್ಸಿನಲ್ಲಿ ಎದ್ದೇಳದೆ ಬಂಧನವಾದವಳು ಕ್ಲಾಡೆಟ್ ಕೋಲ್ವಿನ್. ಹದಿನೈದು ವರ್ಷದ ಶಾಲೆ ಹುಡುಗಿ. ಹಿಂದಿನ ತಿಂಗಳೆಲ್ಲಾ ಅವಳ ಶಾಲೆಯಲ್ಲಿ ಕಪ್ಪು ಜನರ ಇತಿಹಾಸದ ಪಾಠ ನಡೆದಿತ್ತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು, ಮತ್ತೆ ಮತ್ತೆ ವಾಪಸ್ ಹೋಗಿ ಉಳಿದವರನ್ನು ಬಿಡಿಸಿ ತಂದ ಹ್ಯಾರಿಯಟ್ ಟಬ್ಮನ್ ಒಂದು ಹೆಗಲ ಮೇಲೆ, ಗುಲಾಮಗಿರಿಯ ವಿರುದ್ಧ ಊರೂರಲ್ಲಿ ಮಾತಾಡಿದ ಸೊಜರ್ನರ್ ಟ್ರೂತ್ ಇನ್ನೊಂದು ಹೆಗಲ ಮೇಲೆ ಕೈ ಇಟ್ಟು ಕೂರಿಸಿದಂತೆ ಅನ್ನಿಸಿತು ಅಂತ ಆಕೆ ಮುಂದೆ ಹೇಳಿದರು. ಬಸ್ಸಿನ ಕಾನೂನನ್ನು ಕೋರ್ಟಿನಲ್ಲಿ ಬೀಳಿಸಿದ ದಾವೆಯಲ್ಲಿ ಹೆಸರಿದ್ದ ನಾಲ್ಕು ಹೆಣ್ಣುಮಕ್ಕಳಲ್ಲಿ ಈಕೆಯೂ ಒಬ್ಬಳು.

ಟೀಚರ್‌ಗಳೇ, ಇದನ್ನು ಸ್ವಲ್ಪ ಯೋಚಿಸಿ. ಯಾರೋ ಒಬ್ಬರು ಫೆಬ್ರುವರಿಯಲ್ಲಿ ಒಂದು ಪಾಠ ಮಾಡಿದರು. ಮಾರ್ಚ್‌ನಲ್ಲಿ ಹುಡುಗಿ ಬಸ್ಸಿನಲ್ಲಿ ಕೂತೇ ಇದ್ದಳು.

ಇವತ್ತು ನಾನು ಜಾಸ್ತಿ ಮಾತಾಡಬೇಕು ಅಂದುಕೊಂಡಿರುವುದು ಸೆಪ್ಟಿಮಾ ಕ್ಲಾರ್ಕ್ ಬಗ್ಗೆ. ನಮ್ಮ ಮಕ್ಕಳಿಗೆ ಒಬ್ಬರನ್ನೇ ಪರಿಚಯ ಮಾಡಿಸಲು ಸಮಯ ಇದ್ದರೆ ನಾನು ಇವರನ್ನೇ ಆರಿಸುತ್ತೇನೆ.

ಹುಟ್ಟಿದ್ದು 1898ರಲ್ಲಿ, ಸೌತ್ ಕ್ಯಾರೊಲಿನಾದ ಚಾರ್ಲ್ಸ್‌ಟನ್ ಪಟ್ಟಣದಲ್ಲಿ. ತಂದೆ ಹುಟ್ಟಿನಿಂದ ಗುಲಾಮರಾಗಿದ್ದವರು. ಮಗಳು ಟೀಚರ್ ಆಗಲು ಓದಿದಳು. ಆದರೆ ಚಾರ್ಲ್ಸ್‌ಟನ್‌ನ ಸರ್ಕಾರಿ ಶಾಲೆಗಳಲ್ಲಿ ಕಪ್ಪು ಟೀಚರ್‌ಗಳಿಗೆ ಕೆಲಸವೇ ಇರಲಿಲ್ಲ. ಕಪ್ಪು ಮಕ್ಕಳ ಶಾಲೆಯಲ್ಲೂ ಇಲ್ಲ! ಹಾಗಾಗಿ 1916ರಲ್ಲಿ, ಹದಿನೆಂಟನೇ ವಯಸ್ಸಿಗೆ, ಪಕ್ಕದ ಜಾನ್ಸ್ ದ್ವೀಪಕ್ಕೆ ಹೋದಳು. ಶಾಲೆಯಲ್ಲಿ ಇಬ್ಬರು ಟೀಚರ್‌ಗಳು, 132 ಮಕ್ಕಳು. ಅಲ್ಲೇ ಎದುರಿಗೆ ಬಿಳಿ ಮಕ್ಕಳ ಶಾಲೆ. ಅಲ್ಲಿ ಮೂರು ಮಕ್ಕಳು, ಒಬ್ಬರು ಟೀಚರ್, ಅವರ ಸಂಬಳ ಈಕೆಯ ಎರಡರಷ್ಟಕ್ಕಿಂತ ಜಾಸ್ತಿ.

ಹಗಲು ಮಕ್ಕಳಿಗೆ ಪಾಠ. ರಾತ್ರಿ ದೊಡ್ಡವರಿಗೆ ಓದು ಬರಹ. ಬರೆಯಲು ಬೋರ್ಡ್ ಸಾಲದಾದಾಗ ಲಾಂಡ್ರಿಯ ಕಾಗದದ ಚೀಲಗಳನ್ನು ಬಿಡಿಸಿ ಅದರ ಮೇಲೆ ಬರೆಯುತ್ತಿದ್ದರು. ನಮ್ಮಲ್ಲಿ ಸಿಮೆಂಟ್ ಚೀಲದ ಕಾಗದದ ಮೇಲೆ ಚಾರ್ಟ್ ಬರೆದ ಟೀಚರ್‌ಗಳು ಇಲ್ಲಿ ಯಾರಾದರೂ ಇದ್ದರೆ ನಗಬೇಡಿ, ಹೆಮ್ಮೆ ಪಡಿ.

ಮುಂದೆ ಊರಿಗೆ ಮರಳಿ, ತನ್ನ ತರಗತಿಯ ಮಕ್ಕಳ ಜೊತೆ ಮನೆ ಮನೆಗೆ ಹೋಗಿ ಸಹಿ ಸಂಗ್ರಹಿಸಿದರು. ಕಪ್ಪು ಮಕ್ಕಳಿಗೆ ಕಪ್ಪು ಟೀಚರ್ ಪಾಠ ಮಾಡಲು ಬಿಡಿ ಎಂಬ ಅರ್ಜಿ ಅದು. 1920ರಲ್ಲಿ ಆ ನಿಯಮ ಬದಲಾಯಿತು. ಆಮೇಲೆ ಸಮಾನ ಸಂಬಳದ ದಾವೆ. ಅದರಲ್ಲೂ ಗೆಲುವು.

ಈಗ ಬರುವುದು ಸೋಲಿನ ಕಥೆ. ನಾನು ತರಗತಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಇಲ್ಲೇ.

1956ರಲ್ಲಿ ಸೌತ್ ಕ್ಯಾರೊಲಿನಾ ಒಂದು ಕಾನೂನು ತಂದಿತು. ಸರ್ಕಾರಿ ನೌಕರರು ಎನ್‌ಎಎಸಿಪಿ ಸದಸ್ಯರಾಗಿ ಇರುವಂತಿಲ್ಲ. ಎಷ್ಟೋ ಜನ ಸದಸ್ಯತ್ವ ಮುಚ್ಚಿಟ್ಟರು. ಕ್ಲಾರ್ಕ್ ಮುಚ್ಚಿಡಲಿಲ್ಲ. 40 ವರ್ಷದ ನೌಕರಿ ಹೋಯಿತು, ಪಿಂಚಣಿಯೂ ಹೋಯಿತು. ಆಗ ಅವರಿಗೆ 58 ವರ್ಷ. ಈ ಕಾನೂನಿನ ವಿರುದ್ಧ ದನಿ ಎತ್ತೋಣ ಬನ್ನಿ ಅಂತ 726 ಕಪ್ಪು ಶಿಕ್ಷಕರಿಗೆ ಅವರು ಪತ್ರ ಬರೆದಿದ್ದರು. ಉತ್ತರ ಬರೆದವರು 26 ಜನ. ಅಧಿಕಾರಿಯ ಹತ್ತಿರ ಹೋಗೋಣ ಅಂದಾಗ ಬರುತ್ತೇವೆ ಅಂದವರು 11. ಆ ದಿನ ಬಂದು ನಿಂತವರು 5.

726, 26, 11, 5. ಬೋರ್ಡಿನ ಮೇಲೆ ಈ ನಾಲ್ಕು ಅಂಕಿ ಬರೆದು ನಾನು ಮಕ್ಕಳನ್ನು ಕೇಳುತ್ತೇನೆ, ಉಳಿದವರು ಯಾಕೆ ಬರಲಿಲ್ಲ? ಮೊದಲು ಬರುವ ಉತ್ತರ 'ಹೆದರಿಕೆ'. ಸ್ವಲ್ಪ ಕಾದರೆ ಬೇರೆ ಉತ್ತರ ಬರುತ್ತದೆ. ಮನೆ ಬಾಡಿಗೆ ಇರುತ್ತದೆ ಮಿಸ್. ಮಕ್ಕಳ ಫೀಸು ಇರುತ್ತದೆ. ಕೆಲಸ ಹೋದರೆ ಇನ್ನೊಂದು ಸಿಗುವುದಿಲ್ಲ. ಯಾರ ಮನೆಯಲ್ಲಿ ಕೂಲಿ ಸಂಬಳ ನಡೆಯುತ್ತದೋ ಆ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ.

ಕ್ಲಾರ್ಕ್ ಆ 721 ಜನರನ್ನು ಹೇಡಿಗಳು ಅಂತ ಬೈಯಲಿಲ್ಲ. ಅದನ್ನು ತನ್ನ ಬದುಕಿನ ಸೋಲುಗಳಲ್ಲಿ ಒಂದು ಅಂತ ಲೆಕ್ಕ ಹಾಕಿದರು. ಸಿದ್ಧರಿಲ್ಲದ ಜನರನ್ನು ನಾನು ಮುಂದೆ ತಳ್ಳಿದೆ, ಮೊದಲು ಅವರನ್ನು ಸಿದ್ಧ ಮಾಡಬೇಕಿತ್ತು ಅನ್ನುವುದು ಅವರು ಕಂಡುಕೊಂಡ ಮಾತು. ಒಬ್ಬ ಟೀಚರ್ ಮಾತ್ರ ಹೀಗೆ ಯೋಚಿಸಬಲ್ಲರು ಅಂತ ನನಗೆ ಅನ್ನಿಸುತ್ತದೆ. ತರಗತಿಗೆ ತರಗತಿಯೇ ಫೇಲಾದರೆ ನಾವು ಪಾಠವನ್ನು ನೋಡಿಕೊಳ್ಳುತ್ತೇವೆ ಅಲ್ವಾ?

ಈ ಹೊತ್ತಿಗೆ ಜಾನ್ಸ್ ದ್ವೀಪದಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಈಸಾ ಜೆಂಕಿನ್ಸ್ ಎಂಬವರು ದ್ವೀಪದಿಂದ ಚಾರ್ಲ್ಸ್‌ಟನ್‌ಗೆ ಬಸ್ ಓಡಿಸುತ್ತಿದ್ದರು. ಕೂಲಿಗೆ, ಮನೆಗೆಲಸಕ್ಕೆ ಹೋಗುವವರೇ ಪ್ರಯಾಣಿಕರು. ಅವರಲ್ಲಿ ಆಲಿಸ್ ವೈನ್ ಎಂಬಾಕೆ ಒಂದು ದಿನ ಕೇಳಿದರು: ನನಗೆ ಓದಲು ಬರುವುದಿಲ್ಲ, ನೀನು ಕಲಿಸಿದರೆ ನಾನೂ ಮತದಾರರ ಪಟ್ಟಿಗೆ ಸೇರುತ್ತೇನೆ.

ಆಗ ಅಲ್ಲಿ ಮತದಾರರಾಗಲು ಬಯಸುವವರು ಅಧಿಕಾರಿಯ ಮುಂದೆ ರಾಜ್ಯದ ಸಂವಿಧಾನದ ಒಂದು ಭಾಗವನ್ನು ಓದಬೇಕಿತ್ತು. ತಲೆಮಾರುಗಳ ಕಾಲ ಒಳ್ಳೆಯ ಶಾಲೆ ಕೊಡಲಿಲ್ಲ, ಆಮೇಲೆ ಓದು ಬಾರದವರಿಗೆ ಮತ ಇಲ್ಲ ಅಂದರು. ಶಾಲೆಯ ಬಾಗಿಲು ಮುಚ್ಚಿದರೆ ಮತದ ಬಾಗಿಲು ತಾನೇ ಮುಚ್ಚುತ್ತದೆ. ಶಿಕ್ಷಣದ ಹಕ್ಕು, ನಾಗರಿಕ ಹಕ್ಕು ಅಂತ ನಮ್ಮ ಪುಸ್ತಕದಲ್ಲಿ ಎರಡು ಬೇರೆ ಅಧ್ಯಾಯ ಇರುತ್ತದೆ. ಜಾನ್ಸ್ ದ್ವೀಪದಲ್ಲಿ ಅವೆರಡೂ ಒಂದೇ ಆಗಿತ್ತು.

ಜೆಂಕಿನ್ಸ್ ಬಸ್ಸಿನಲ್ಲೇ ಪಾಠ ಶುರು ಮಾಡಿದರು. ಆಲಿಸ್ ವೈನ್ ಸಂವಿಧಾನದ ಭಾಗವನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡುಬಿಟ್ಟರು! ಹೆಸರೂ ನೋಂದಾಯಿಸಿಬಿಟ್ಟರು. ಆದರೂ ನನಗೆ ನಿಜವಾಗಿ ಓದಲು ಕಲಿಸಿ ಅಂತ ಹಟ ಹಿಡಿದರು. ಆ ಹಟವೇ ಮುಂದಿನದ್ದಕ್ಕೆಲ್ಲಾ ಮೂಲ.

ಕ್ಲಾರ್ಕ್ ಮತ್ತು ಜೆಂಕಿನ್ಸ್ ಹೈಲ್ಯಾಂಡರ್ ಶಾಲೆಯ ಸಹಾಯ ಪಡೆದರು. ದ್ವೀಪದ ಜನರ ಸಂಘ ಒಂದು ಹಳೆಯ ಕಟ್ಟಡ ಕೊಂಡಿತು. ಮುಂದೆ ದಿನಸಿ ಅಂಗಡಿ. ಹಿಂದಿನ ಕೋಣೆಯಲ್ಲಿ ಶಾಲೆ, ಹೊರಗಿನವರ ಕಣ್ಣಿಗೆ ಬೀಳದ ಹಾಗೆ. 1957ರ ಜನವರಿಯಲ್ಲಿ ಮೊದಲ ರಾತ್ರಿ 14 ಜನ ಬಂದರು. ಹೊಲದ ಕೆಲಸ ಕಡಿಮೆ ಇರುವ ಚಳಿಗಾಲದಲ್ಲೇ ತರಗತಿ.

ಪಾಠ ಮಾಡಲು ಯಾರು? ಕ್ಲಾರ್ಕ್ ಆರಿಸಿದ್ದು ತಮ್ಮ ಬಂಧು ಬರ್ನಿಸ್ ರಾಬಿನ್ಸನ್ ಅವರನ್ನು. ಕೂದಲು ಅಲಂಕಾರ, ಹೊಲಿಗೆ ಆಕೆಯ ಕಸುಬು. ನಾನು ಟೀಚರ್ ಅಲ್ಲ, ನನ್ನಿಂದ ಆಗುವುದಿಲ್ಲ ಅಂದರು. ಟೀಚರ್ ಅಲ್ಲ ಅನ್ನುವುದಕ್ಕೇ ನೀನು ಬೇಕು ಅಂದರು ಕ್ಲಾರ್ಕ್. ದೊಡ್ಡವರನ್ನು ಮಕ್ಕಳ ಹಾಗೆ ಗದರದ, ಅವರ ಮಾತನ್ನು ತಾಳ್ಮೆಯಿಂದ ಕೇಳುವ ಮನುಷ್ಯರು ಬೇಕಿತ್ತು.

ರಾಬಿನ್ಸನ್ ಮೊದಲ ದಿನ ಚಿಕ್ಕ ಮಕ್ಕಳ ಪುಸ್ತಕ, ಚಿತ್ರ ತೆಗೆದುಕೊಂಡು ಹೋದರು. ದೊಡ್ಡವರ ಮುಂದೆ ಅವು ಹೊಂದಲಿಲ್ಲ. ಪಕ್ಕಕ್ಕಿಟ್ಟು ಕೇಳಿದರು: ನಿಮಗೆ ಏನು ಕಲಿಯಬೇಕು? ನಮ್ಮ ಹೆಸರು ಬರೆಯಬೇಕು. ಮನಿಯಾರ್ಡರ್ ಫಾರಂ ತುಂಬಬೇಕು. ಪೋಸ್ಟಿನಲ್ಲಿ ಸಾಮಾನು ತರಿಸುವ ಪಟ್ಟಿ ಓದಬೇಕು. ಸಂವಿಧಾನದ ಆ ಭಾಗ ಓದಬೇಕು. ಪಾಠ ಪಟ್ಟಿ ತಯಾರಾಯಿತು. ಗೋಡೆಯ ಮೇಲೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ ಅಂಟಿಸಿ, ತರಗತಿ ಮುಗಿಯುವ ಹೊತ್ತಿಗೆ ಇದನ್ನು ನೀವೆಲ್ಲ ಓದಬೇಕು ಅಂದರು.

ನೇಗಿಲು ಹಿಡಿದ ಕೈಗೆ ಪೆನ್ಸಿಲ್ ಹಗುರ. ಒತ್ತಿ ಬರೆದಾಗ ಪಟ್ ಅಂತ ಮುರಿಯುತ್ತಿತ್ತಂತೆ. ಇನ್ನೊಂದು ಕೊಡುವುದು. ಅದೂ ಪಟ್. ಯಾರೂ ಮುಜುಗರ ಪಡದ ಹಾಗೆ ಮತ್ತೊಂದು ಕೊಡುವುದು.

ಇದನ್ನು ಹೇಳುವಾಗಲೆಲ್ಲ ನನಗೆ ನನ್ನ ಅವ್ವ ನೆನಪಾಗುತ್ತಾಳೆ. ಸಾಕ್ಷರತಾ ಆಂದೋಲನದ ಕಾಲದಲ್ಲಿ ನಮ್ಮೂರ ಗುಡಿಯ ಕಟ್ಟೆಯ ಮೇಲೆ ರಾತ್ರಿ ಶಾಲೆ ನಡೆಯುತ್ತಿತ್ತು. ಅವ್ವ ಕಳೆ ತೆಗೆದು ಬಂದು, ರೊಟ್ಟಿ ಬಡಿದಿಟ್ಟು, ಪಾಟಿ ಹಿಡಿದು ಹೋಗುತ್ತಿದ್ದಳು. ಬಳಪ ಒತ್ತಿ ಒತ್ತಿ ಮುರಿಯುತ್ತಿದ್ದಳು. ಆ ತುಂಡುಗಳನ್ನು ಸೆರಗಿಗೆ ಗಂಟು ಕಟ್ಟಿ ತರುತ್ತಿದ್ದಳು, ನಾನು ಅವನ್ನು ಶಾಲೆಗೆ ಒಯ್ಯುತ್ತಿದ್ದೆ. ಅದಕ್ಕೂ ಮೊದಲು ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ, ಆ ನೀಲಿ ಮಸಿಯನ್ನು ಗೋಡೆಗೆ ತಿಕ್ಕಿ ತಿಕ್ಕಿ ಒರೆಸುತ್ತಿದ್ದಳು. ಯಾಕೆ ಅಷ್ಟು ಜೋರಾಗಿ ತಿಕ್ಕುತ್ತಿದ್ದಳು ಅಂತ ನನಗೆ ಅರ್ಥವಾದದ್ದು ಜಾನ್ಸ್ ದ್ವೀಪದ ಬಗ್ಗೆ ಓದಿದ ಮೇಲೆ.

ರಾಬಿನ್ಸನ್ ತರಗತಿಯಲ್ಲಿ 65 ವರ್ಷದ ಒಬ್ಬ ಹೆಂಗಸು ಇದ್ದರು. ಒಂದು ರಾತ್ರಿ ಎಲ್ಲರ ಹೆಸರು ಬೋರ್ಡಿನ ಮೇಲೆ ಬರೆದಿತ್ತು. ಆಕೆ ಕಡ್ಡಿ ತೆಗೆದುಕೊಂಡು ಎದ್ದು ಹೋಗಿ, ಅಷ್ಟು ಹೆಸರುಗಳ ನಡುವೆ ತನ್ನ ಹೆಸರು ಹುಡುಕಿ ತೋರಿಸಿದರು. ಇದು ನಾನು ಅಂತ ಅಕ್ಷರ ಅಕ್ಷರ ಓದಿದರು. ಮೈ ಜುಮ್ಮೆಂದಿತು ಅಂತ ರಾಬಿನ್ಸನ್ ಎಷ್ಟೋ ವರ್ಷದ ನಂತರವೂ ನೆನಪಿಸಿಕೊಳ್ಳುತ್ತಿದ್ದರು.

ಆ ಹಿಂದಿನ ಕೋಣೆಯಂಥ ಶಾಲೆಗಳು ದಕ್ಷಿಣದ ರಾಜ್ಯಗಳಲ್ಲೆಲ್ಲಾ ಹರಡಿದವು. ಸರ್ಕಾರ 1961ರಲ್ಲಿ ಹೈಲ್ಯಾಂಡರ್ ಮುಚ್ಚಿಸಿದಾಗ ಕಿಂಗ್ ಅವರ ಸಂಘಟನೆ ಈ ಕೆಲಸವನ್ನು ಕೈಗೆತ್ತಿಕೊಂಡಿತು, ಕ್ಲಾರ್ಕ್ ಅದರ ಜೊತೆ ಹೋದರು. 1970ರ ಹೊತ್ತಿಗೆ ಸುಮಾರು 900 ಶಾಲೆಗಳು. 1965ರ ಮತದಾನ ಹಕ್ಕು ಕಾಯ್ದೆ ಬಂದಾಗ ಅದನ್ನು ಬಳಸಲು ಸಿದ್ಧರಾಗಿದ್ದ ಸಾವಿರಾರು ಜನ ಇಂಥ ಕೋಣೆಗಳಿಂದ ಬಂದವರು. 1976ರಲ್ಲಿ ಸೌತ್ ಕ್ಯಾರೊಲಿನಾದ ಗವರ್ನರ್, ಕ್ಲಾರ್ಕ್‌ಗೆ ಆದದ್ದು ಅನ್ಯಾಯ ಅಂತ ಒಪ್ಪಿ ಪಿಂಚಣಿ ಕೊಡಿಸಿದರು. ಇಪ್ಪತ್ತು ವರ್ಷ ತಡವಾಗಿ.

ಮಕ್ಕಳಿಗೆ ಇದನ್ನು ಹೇಗೆ ಮುಟ್ಟಿಸುವುದು? ನಾನು ಮಾಡುವುದು ಇಷ್ಟು. ಕಾನೂನಿನ ಕನ್ನಡದಲ್ಲಿರುವ ಒಂದು ಉದ್ದನೆಯ ಪ್ಯಾರಾ ಕೊಡುತ್ತೇನೆ, 'ತತ್ಸಂಬಂಧ', 'ಯಥೋಚಿತ' ಅಂತೆಲ್ಲಾ ಇರುವಂಥದ್ದು. ಒಬ್ಬರು ಎದ್ದು ತಡವರಿಸದೆ ಓದಿ ಅನ್ನುತ್ತೇನೆ. ತಡವರಿಸಿದರೆ ಇವತ್ತು ಕ್ಲಾಸ್ ಲೀಡರ್ ಚುನಾವಣೆಯಲ್ಲಿ ನಿಮಗೆ ಮತ ಇಲ್ಲ. ಮೂರು ಜನ ಆಗುವಷ್ಟರಲ್ಲಿ ತರಗತಿಯಲ್ಲಿ ಸಿಟ್ಟು ಬರುತ್ತದೆ. ಅಲ್ಲಿಗೆ ನಿಲ್ಲಿಸಿ ಕ್ಲಾರ್ಕ್ ಕಥೆ ಶುರು ಮಾಡುತ್ತೇನೆ. ಮತ ಎಲ್ಲರಿಗೂ ವಾಪಸ್ ಕೊಡುತ್ತೇನೆ, ಅದನ್ನು ಮರೆಯಬೇಡಿ.

ಒಂದು ಕೆಲಸ ಮಾತ್ರ ಮಾಡಬೇಡಿ. ಕೆಲವು ಮಕ್ಕಳನ್ನು ಬೈಯುವವರನ್ನಾಗಿ, ಕೆಲವರನ್ನು ಬೈಸಿಕೊಳ್ಳುವವರನ್ನಾಗಿ ಮಾಡಿ ನಾಟಕ ಆಡಿಸಬೇಡಿ. ನಮ್ಮ ತರಗತಿಗಳಲ್ಲಿ ಜಾತಿ ಕೂತಿರುತ್ತದೆ. ಆ ಬೈಗುಳ ಕೆಲವು ಮಕ್ಕಳಿಗೆ ನಾಟಕ ಆಗಿರುವುದಿಲ್ಲ.

ಹಾಗಂತ ತಾಲೀಮು ಸುಳ್ಳಲ್ಲ. ಜೇಮ್ಸ್ ಲಾಸನ್ ಎಂಬ ಕಪ್ಪು ಯುವಕ, ಕೊರಿಯಾ ಯುದ್ಧಕ್ಕೆ ಹೋಗುವುದಿಲ್ಲ ಅಂತ ಜೈಲು ಅನುಭವಿಸಿ, ಆಮೇಲೆ ನಮ್ಮ ನಾಗಪುರದ ಹಿಸ್ಲಾಪ್ ಕಾಲೇಜಿಗೆ ಬಂದು ಮೂರು ವರ್ಷ ಇದ್ದರು. ಗಾಂಧಿಯವರ ಸತ್ಯಾಗ್ರಹದ ಬಗ್ಗೆ ಓದಿದರು. ಮಾಂಟ್‌ಗೊಮರಿಯ ಬಸ್ ಸುದ್ದಿಯನ್ನು ನಾಗಪುರದ ಪೇಪರಿನಲ್ಲೇ ನೋಡಿದರು. ವಾಪಸ್ ಹೋಗಿ ನ್ಯಾಶ್‌ವಿಲ್ ಪಟ್ಟಣದಲ್ಲಿ 1959ರಲ್ಲಿ ಕಾಲೇಜು ಹುಡುಗ ಹುಡುಗಿಯರಿಗೆ ತರಬೇತಿ ಶುರು ಮಾಡಿದರು. ಹೊಡೆದರೆ ತಲೆ ಹೇಗೆ ಕಾಪಾಡಿಕೊಳ್ಳುವುದು, ಕೈ ಎತ್ತದೆ ಹೇಗೆ ಇರುವುದು, ಪಕ್ಕದವರು ಬಿದ್ದರೆ ಏನು ಮಾಡುವುದು. ತಿಂಗಳುಗಟ್ಟಲೆ. 1960ರ ಫೆಬ್ರುವರಿಯಲ್ಲಿ ಆ ಮಕ್ಕಳು ಬಿಳಿಯರಿಗೆ ಮೀಸಲಾದ ಊಟದ ಕೌಂಟರ್‌ಗಳಲ್ಲಿ ಹೋಗಿ ಕೂತರು. ಮೇ ತಿಂಗಳಲ್ಲಿ ಕೌಂಟರ್‌ಗಳು ಎಲ್ಲರಿಗೂ ತೆರೆದವು. ಶಾಂತಿ ಅಂದರೆ ಸುಮ್ಮನಿರುವುದು ಅಂದುಕೊಂಡ ಮಕ್ಕಳಿಗೆ ಈ ತಾಲೀಮಿನ ಬಗ್ಗೆ ಹೇಳಿ. ಅದು ಅವರಿಗಿಂತ ನಾಲ್ಕೈದು ವರ್ಷ ದೊಡ್ಡವರು ಬೆವರು ಸುರಿಸಿ ಕಲಿತ ವಿದ್ಯೆ.

ಬಾರ್ಬರಾ ಜಾನ್ಸ್ ಹೆಸರನ್ನೂ ಹೇಳಬೇಕು, ಯಾಕೆಂದರೆ ಆಕೆ ನಮ್ಮ ಮಕ್ಕಳ ವಯಸ್ಸಿನವಳು. ವರ್ಜೀನಿಯಾದ ಫಾರ್ಮ್‌ವಿಲ್. 180 ಕಪ್ಪು ಮಕ್ಕಳಿಗೆ ಕಟ್ಟಿದ ಶಾಲೆಯಲ್ಲಿ 450 ಮಕ್ಕಳು. ಜಾಗ ಸಾಲದೆ ಟಾರು ಹಾಳೆ ಹೊದಿಸಿದ ಶೆಡ್ಡುಗಳಲ್ಲಿ ಪಾಠ. ಮಳೆ ಬಂದರೆ ಸೋರುತ್ತಿತ್ತು. ಬಾರ್ಬರಾ ಇದನ್ನು ತನ್ನ ಸಂಗೀತದ ಟೀಚರ್ ಹತ್ತಿರ ಹೇಳಿಕೊಂಡಳು. ನೀನೇ ಏನಾದರೂ ಮಾಡಬಾರದಾ ಅಂದರು ಅವರು. ಹುಡುಗಿಗೆ ಮೊದಲು ಬೇಜಾರಾಯಿತು. ಆಮೇಲೆ ಯೋಚನೆ ಶುರುವಾಯಿತು. 1951ರ ಏಪ್ರಿಲ್ 23ರಂದು ಹೆಡ್‌ಮಾಸ್ಟರನ್ನು ಒಂದು ಫೋನ್ ಮಾಡಿ ಹೊರಗೆ ಕಳಿಸಿ, ಎಲ್ಲಾ ಮಕ್ಕಳನ್ನು ಸಭೆಗೆ ಕರೆದು, ಟೀಚರ್‌ಗಳನ್ನು ದಯವಿಟ್ಟು ಹೊರಗಿರಿ ಅಂತ ಕೇಳಿಕೊಂಡು, ಹದಿನಾರರ ಆ ಹುಡುಗಿ ವೇದಿಕೆ ಹತ್ತಿದಳು. ಮಕ್ಕಳೆಲ್ಲಾ ಶಾಲೆ ಬಿಟ್ಟು ನಡೆದರು. ಅವರ ದಾವೆ, 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಪ್ಪು ಮಕ್ಕಳಿಗೆ, ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಸಂವಿಧಾನಕ್ಕೆ ವಿರುದ್ಧ ಅಂದ ಐದು ದಾವೆಗಳಲ್ಲಿ ಒಂದು.

ಇಲ್ಲಿಗೆ ನಿಲ್ಲಿಸಿದರೆ ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ. ನಾನು ಇಲ್ಲಿಗೆ ನಿಲ್ಲಿಸುವುದಿಲ್ಲ. ಒಟ್ಟಿಗೆ ಕೂರಿಸುವುದಕ್ಕಿಂತ ಶಾಲೆಯೇ ಬೇಡ ಅಂತ ಆ ಕೌಂಟಿ, ಅಂದರೆ ಅಲ್ಲಿನ ಜಿಲ್ಲೆ, 1959ರಲ್ಲಿ ಎಲ್ಲಾ ಸರ್ಕಾರಿ ಶಾಲೆ ಮುಚ್ಚಿತು. ಐದು ವರ್ಷ! ಬಿಳಿ ಮಕ್ಕಳಿಗೆ ಖಾಸಗಿ ಶಾಲೆ ಸಿಕ್ಕಿತು. ಕಪ್ಪು ಮಕ್ಕಳಲ್ಲಿ ಎಷ್ಟೋ ಜನರ ಓದು ಅಲ್ಲಿಗೇ ನಿಂತಿತು. ಇದನ್ನು ಬಚ್ಚಿಟ್ಟು ಪಾಠ ಮಾಡುವುದು ಮಕ್ಕಳಿಗೆ ಮಾಡುವ ಮೋಸ. ಬಾರ್ಬರಾಳನ್ನು ಮನೆಯವರು ಊರಿನಿಂದ ದೂರ ಕಳಿಸಬೇಕಾಯಿತು. ಆಕೆ ಮುಂದೆ ಲೈಬ್ರರಿಯನ್ ಆಗಿ ಬದುಕಿದರು.

ಈಗ ನಮ್ಮ ಮನೆಗೆ ಬರೋಣ. ನಾವು ಕೂತಿರುವ ಈ ಧಾರವಾಡಕ್ಕೇ.

1856ರ ಜೂನ್ ತಿಂಗಳು. ಇಲ್ಲಿನ ಸರ್ಕಾರಿ ಶಾಲೆಗೆ ಒಬ್ಬ ಮಹಾರ್ ಹುಡುಗ ಬಂದು ನನ್ನನ್ನು ಸೇರಿಸಿಕೊಳ್ಳಿ ಅಂದ. ಎಲ್ಲರಂತೆ ಫೀಸು ಕೊಡುತ್ತೇನೆ ಅಂದ. ಸೇರಿಸಿಕೊಳ್ಳಲಿಲ್ಲ. ಹುಡುಗ ಅಲ್ಲಿಗೆ ಬಿಡಲಿಲ್ಲ, ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಒಬ್ಬನಿಗಾಗಿ ಉಳಿದವರೆಲ್ಲಾ ಶಾಲೆ ಬಿಟ್ಟಾರು ಎಂಬ ಧಾಟಿಯಲ್ಲಿ ಅವರೂ ಇಲ್ಲ ಅಂದರು. ವಿಷಯ ಕಲ್ಕತ್ತೆಗೆ ಹೋಯಿತು, ಲಂಡನ್ನಿಗೆ ಹೋಯಿತು. ಕೊನೆಗೆ 1858ರಲ್ಲಿ, ಪೂರ್ತಿ ಸರ್ಕಾರದ ಖರ್ಚಿನಲ್ಲಿ ನಡೆಯುವ ಶಾಲೆ ಎಲ್ಲರಿಗೂ ತೆರೆದಿರಬೇಕು ಎಂಬ ಮಾತು ಸರ್ಕಾರದ ಕಾಗದಕ್ಕೆ ಬಂತು. ಎಪ್ಪತ್ತು ವರ್ಷದ ನಂತರ ಅಂಬೇಡ್ಕರ್ ಸೈಮನ್ ಆಯೋಗದ ಮುಂದೆ ದಲಿತರ ಶಿಕ್ಷಣದ ಸ್ಥಿತಿ ಹೇಳುವಾಗ ಈ ಧಾರವಾಡದ ಹುಡುಗನ ಪ್ರಕರಣವನ್ನು ಎತ್ತಿದರು.

ಆ ವರದಿಯಲ್ಲಿ ಅಧಿಕಾರಿಗಳ ಮಾತಿದೆ, ತಾರೀಖಿದೆ. ಅವನು 'ಒಬ್ಬ ಮಹಾರ್ ಹುಡುಗ' ಅಷ್ಟೇ, ಹೆಸರಿಲ್ಲ. ಒಬ್ಬಂಟಿ ಹುಡುಗ, ಕೈಯಲ್ಲಿ ಒಂದು ಅರ್ಜಿ. ಯಾರನ್ನೂ ಬೈಯಲಿಲ್ಲ, ಕಲ್ಲು ತೂರಲಿಲ್ಲ. ಶಾಂತಿಯುತ ಹೋರಾಟಗಾರ ಅಂದರೆ ಇವನಲ್ಲದೆ ಇನ್ಯಾರು?

ನಮ್ಮಲ್ಲಿ ಸಾವಿತ್ರಿಬಾಯಿ ಫುಲೆ ಎಲ್ಲರಿಗೂ ಗೊತ್ತು, ಹಾಗಾಗಿ ವಿವರಕ್ಕೆ ಹೋಗುವುದಿಲ್ಲ. ಅವರ ಜೊತೆ ದುಡಿದ ಫಾತಿಮಾ ಶೇಖ್ ಹೆಸರನ್ನೂ ಹೇಳಿ ಅಂತಷ್ಟೇ ಕೇಳಿಕೊಳ್ಳುತ್ತೇನೆ. ಮಂಗಳೂರಿನ ಕುದ್ಮುಲ್ ರಂಗರಾವ್ ಬಗ್ಗೆ ನಮ್ಮ ಕಡೆ ಅಷ್ಟು ತಿಳಿದಿಲ್ಲ. ಬ್ರಾಹ್ಮಣ ವಕೀಲರು. 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರು. ಅವರ ಸಮಾಧಿಯ ಮೇಲೆ ಅವರ ಆಸೆಯನ್ನು ಕೆತ್ತಿದ್ದಾರೆ: ನನ್ನ ಶಾಲೆಯಲ್ಲಿ ಕಲಿತ ದಲಿತ ಮಗು ದೊಡ್ಡ ಹುದ್ದೆಗೆ ಹೋಗಿ ಈ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಲಿ, ಅದರ ಧೂಳು ನನ್ನ ತಲೆಗೆ ತಾಗಲಿ ಅನ್ನುವುದು ಅದರ ಭಾವ. ದೊಡ್ಡ ಮನಸ್ಸು. ಆದರೂ ಅವರನ್ನು ಹೇಳುವಾಗ ಧಾರವಾಡದ ಹುಡುಗನನ್ನು ಮೊದಲು ಹೇಳಿ, ದಯವಿಟ್ಟು. ಯಾರೋ ಬಂದು ಮೇಲೆತ್ತಿದರು ಅಂತ ಮಾತ್ರ ಕೇಳಿದ ಮಗು ಕಾಯುತ್ತಾ ಕೂರುತ್ತದೆ. ರಂಗರಾವ್ ಅವರ ಶಾಲೆಗೂ 36 ವರ್ಷ ಮೊದಲೇ ಒಂದು ದಲಿತ ಮಗು ತಾನೇ ಹೋಗಿ ಬಾಗಿಲು ತಟ್ಟಿತ್ತು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು. "ಇದನ್ನೆಲ್ಲಾ ಹೇಳಿಕೊಟ್ಟರೆ ನಾಳೆ ಮಕ್ಕಳು ನಮ್ಮ ವಿರುದ್ಧವೇ ನಿಂತರೆ?" ಕೇಳಿದವರು ನಿಜವಾದ ಚಿಂತೆಯಿಂದಲೇ ಕೇಳಿದರು. ನಾನು ನಡೆದದ್ದನ್ನು ಹೇಳಿದೆ.

ನಾನು ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ಹುಡುಗಿಯರ ಶೌಚಾಲಯಕ್ಕೆ ಒಳಗಿನಿಂದ ಚಿಲಕ ಇರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಮೂರು ವರ್ಷದಿಂದ ಹಾಗೇ ಇತ್ತು. ನಾನೂ ನೋಡಿದ್ದೆ, ನಾನೂ ಸುಮ್ಮನಿದ್ದೆ. ಒಂಬತ್ತನೇ ತರಗತಿಗೆ ಜಾನ್ಸ್ ದ್ವೀಪದ ಪಾಠ ಮಾಡಿದ ವಾರ ನಾಲ್ಕು ಹುಡುಗಿಯರು ಒಂದು ಹಾಳೆ ಹಿಡಿದು ಬಂದರು. ಅರ್ಜಿ. ಇದನ್ನು ಹೇಗೆ ಬರೆಯಬೇಕು ಮಿಸ್? ಮೊದಲ ಪ್ರತಿಯಲ್ಲಿ ಬರೀ ಸಿಟ್ಟು ಇತ್ತು. ಎರಡನೆಯದರಲ್ಲಿ ಬರೀ ಬೇಡಿಕೊಳ್ಳುವುದು ಇತ್ತು. ಮೂರನೆಯದರಲ್ಲಿ ಎಷ್ಟು ಹುಡುಗಿಯರಿದ್ದಾರೆ, ಎಷ್ಟು ಬಾಗಿಲು, ಚಿಲಕಕ್ಕೆ ಎಷ್ಟು ರೂಪಾಯಿ ಅಂತ ಅಂಗಡಿಯಲ್ಲಿ ವಿಚಾರಿಸಿ ಬರೆದಿದ್ದರು. ಸಹಿ ಹಾಕಿಸಲು ತರಗತಿ ತರಗತಿಗೆ ಹೋದರು. ಕೆಲವರು ಹಾಕಲಿಲ್ಲ. ಅವರನ್ನು ಏನೂ ಅನ್ನಬೇಡಿ, 721 ಜನರನ್ನು ನೆನಪಿಡಿ ಅಂತ ಅವರಲ್ಲೇ ಒಬ್ಬಳು ಉಳಿದವರಿಗೆ ಹೇಳುತ್ತಿದ್ದಳು.

ಹದಿನೈದು ದಿನ ಆಯಿತು. ಎರಡು ಸಲ ಹೋಗಿ ಕೇಳಿದರು. ಮೂರನೇ ಸಲ ಹೋಗುವ ಮೊದಲೇ ಬಡಗಿ ಬಂದ. ಆ ಅರ್ಜಿಯ ನಕಲು ಈಗಲೂ ಆ ತರಗತಿಯ ಗೋಡೆಯ ಮೇಲಿದೆ ಅಂತ ಅಲ್ಲಿರುವ ಗೆಳತಿ ಹೇಳುತ್ತಾರೆ. 'ಶೌಚಾಲಯ' ಅಂತ ಬರೆದ ಕಡೆ ಕಾಗುಣಿತ ತಪ್ಪಿದೆಯಂತೆ. ಹೊಸದಾಗಿ ಬಂದ ಕನ್ನಡ ಮೇಷ್ಟ್ರು ತಿದ್ದಲು ಹೋದರೆ ಹುಡುಗಿಯರು ಬಿಡಲಿಲ್ಲವಂತೆ.